ಕಾರಿನ ಆಲ್ಟರ್ನೇಟರ್ ಎಷ್ಟು ಕಾಲ ಬಾಳುತ್ತೆ?

ಗ್ರೇಟರ್ ನೋಯ್ಡಾದ ಪರಿ ಚೌಕ. ಮೇ ತಿಂಗಳು, 45 ಡಿಗ್ರಿ ಬಿಸಿಲು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಕಾರು, ಒಳಗೆ ಜೋರಾಗಿ ಎಸಿ. ಆಲ್ಟರ್ನೇಟರ್‌ಗೆ ಇದಕ್ಕಿಂತ ಕಷ್ಟದ ಹೊತ್ತು ಇಲ್ಲ. ಎಂಜಿನ್ ನಿಧಾನಕ್ಕೆ ತಿರುಗ್ತಿದೆ, ಹಾಗಾಗಿ ಆಲ್ಟರ್ನೇಟರ್‌ನ ಫ್ಯಾನೂ ನಿಧಾನ. ಆದರೆ ಬ್ಲೋವರ್, ರೇಡಿಯೇಟರ್ ಫ್ಯಾನ್ ಎರಡೂ ಕರೆಂಟ್ ಎಳೀತಾನೇ ಇವೆ. ಬಿಸಿ ಏರಿ ಏರಿ ಕೊನೆಗೆ ಅದರೊಳಗಿನ ಡಯೋಡ್ ಸುಟ್ಟುಹೋಗಬಹುದು. ಒಂದೇ ಒಂದು ಸುಟ್ಟರೂ ಬ್ಯಾಟರಿ ಚಾರ್ಜಿಂಗ್ ಕುಸಿಯುತ್ತೆ.

ಸಾಮಾನ್ಯವಾಗಿ ಆಲ್ಟರ್ನೇಟರ್ 1ರಿಂದ 1.5 ಲಕ್ಷ ಕಿಲೋಮೀಟರ್ ಬರುತ್ತೆ. ಅದರ ಕಾರ್ಬನ್ ಬ್ರಷ್ ಸೀಮೆಸುಣ್ಣದ ಹಾಗೆ ದಿನಾ ಸವೆಯುತ್ತೆ. ಕಟ್ಟಡ ಕೆಲಸದ ಧೂಳು, ಮಳೆಗಾಲದಲ್ಲಿ ರಸ್ತೆ ಮೇಲೆ ನಿಂತ ನೀರು ಬೇರಿಂಗ್ ತಿನ್ನುತ್ತವೆ. ಗುಂಯ್ ಅನ್ನೋ ಸದ್ದು ಬಂದರೆ ಬೇರಿಂಗ್ ಚೆಕ್ ಮಾಡಿಸಿ. ಬ್ರಷ್, ಬೇರಿಂಗ್ ಬದಲಿಸಿದರೆ ಎಷ್ಟೋ ಆಲ್ಟರ್ನೇಟರ್ ಮತ್ತೆ ಓಡುತ್ತವೆ. ಹೊಸದೇ ಹಾಕಿ ಅಂದ ತಕ್ಷಣ ಒಪ್ಪಬೇಡಿ.

ಮೊದಲು ಎಂಜಿನ್ ಸ್ಟಾರ್ಟ್ ಮಾಡಿ, ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.7 ವೋಲ್ಟ್ ಬರಬೇಕು. ಸ್ಮಾರ್ಟ್ ಚಾರ್ಜಿಂಗ್ ಇರುವ ಹೊಸ ಕಾರುಗಳಲ್ಲಿ ಸ್ವಲ್ಪ ಏರುಪೇರಾಗುತ್ತೆ, ಗಾಬರಿ ಬೇಡ. 15 ದಾಟಿದರೆ ವೋಲ್ಟೇಜ್ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ.

ಡಿಸೆಂಬರ್ ಮಂಜಿನಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ಹತ್ತೋ ಮೊದಲು ಈ ಪರೀಕ್ಷೆ ಖಂಡಿತ ಮಾಡಿ. ಅಲ್ಲಿ ಹೆಡ್‌ಲೈಟ್, ಫಾಗ್ ಲೈಟ್, ಡಿಫಾಗರ್ ಎಲ್ಲಾ ಒಟ್ಟಿಗೆ ಕೆಲಸ ಮಾಡಬೇಕು.

ಇನ್ನೊಂದು ಮಾತು. ಎಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಿ ನೋಡೋ ಹಳೇ ಪರೀಕ್ಷೆ ಯಾರಿಗೂ ಮಾಡೋಕೆ ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ನೆಗೆದು, ಚೆನ್ನಾಗಿದ್ದ ಡಯೋಡೂ ಹೋಗಬಹುದು, ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್ ಆದ ಇಸಿಯುನೂ ಹೋಗಬಹುದು.