ನರತಂತುವಿನ ಲೆಕ್ಕ ಕೊಟ್ಟ ವಿಷ

2009ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಸುತ್ತಲಿನ ಕಡಲತೀರಗಳಲ್ಲಿ ಅಡ್ಡಾಡಿ ಬಂದ ನಾಯಿಗಳು ವಾಂತಿ ಮಾಡಿ, ಕಾಲಲ್ಲಿ ಶಕ್ತಿಯಿಲ್ಲದೆ ಕುಸಿಯತೊಡಗಿದವು. ಕೆಲವು ಸತ್ತೇ ಹೋದವು. ಕಾರಣ ಪತ್ತೆಯಾದದ್ದು ದಕ್ಷಿಣ ದ್ವೀಪದ ನೆಲ್ಸನ್ ಊರಿನ ಕಾಥ್ರಾನ್ ಸಂಸ್ಥೆಯಲ್ಲಿ. ಚಿಪ್ಪುಮೀನುಗಳಲ್ಲಿ ಸೇರಿಕೊಳ್ಳುವ ವಿಷಗಳ ಪರೀಕ್ಷೆಯಲ್ಲಿ ಪಳಗಿದ ಸಂಸ್ಥೆ ಅದು. ಪಾಲ್ ಮೆಕ್‌ನ್ಯಾಬ್ ಮತ್ತು ಸಂಗಡಿಗರು, ದಡದಲ್ಲಿ ಸಿಕ್ಕ ಚಿಪ್ಪಿಲ್ಲದ ಬೂದು ಕಡಲ ಬಸವನಹುಳುವಿನಲ್ಲಿ ಟೆಟ್ರೊಡೊಟಾಕ್ಸಿನ್ ಇರುವುದನ್ನು ತೋರಿಸಿಕೊಟ್ಟರು. ಜಪಾನಿನ ಫುಗು ಮೀನನ್ನು ಕುಖ್ಯಾತಗೊಳಿಸಿದ ವಿಷವೇ ಇದು. ದಕ್ಷಿಣ ದ್ವೀಪದ ಅದೇ ಜಾತಿಯ ಹುಳುಗಳಲ್ಲಿ ಈ ವಿಷ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂಬುದೂ ಆಮೇಲೆ ಗೊತ್ತಾಯಿತು.

ಕೊಲ್ಲುವ ಈ ವಿಷಕ್ಕೆ ಇನ್ನೊಂದು ಮುಖವಿದೆ. ನರಕೋಶದ ವಿನ್ಯಾಸ ಬಿಡಿಸಿದವರಿಗೆ ಇದು ನಂಬಿಕಸ್ಥ ಗುರುತಾಯಿತು.

ನರಕೋಶದ ಆಕಾರ ಮೊದಲು ಕಂಡದ್ದು ಬೆಳ್ಳಿಯಿಂದ. 1873ರಲ್ಲಿ ಇಟಲಿಯ ಕಮಿಲೊ ಗಾಲ್ಜಿ ಮಿದುಳಿನ ಚೂರನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ, ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ನೆನೆಸಿದ. ಸಾವಿರಾರು ಕೋಶಗಳ ನಡುವೆ ಬೆರಳೆಣಿಕೆಯಷ್ಟು ಮಾತ್ರ ಕೊನೆಯ ಕವಲಿನವರೆಗೂ ಕಪ್ಪಾದವು. ಎಲ್ಲವೂ ಕಪ್ಪಾಗಿದ್ದರೆ ಏನೂ ಕಾಣುತ್ತಿರಲಿಲ್ಲ. ಅದೇ ವಿಧಾನವನ್ನು ತಿದ್ದಿ ತೀಡಿದ ಸ್ಪೇನಿನ ಕಹಾಲ್ ಮತ್ತು ಗಾಲ್ಜಿ 1906ರ ನೊಬೆಲ್ ಹಂಚಿಕೊಂಡರು. ಆದರೆ ಬೆಳ್ಳಿ ತೋರಿಸುವುದು ಹೊರರೇಖೆಯನ್ನಷ್ಟೇ. ಸಂಕೇತ ಹರಿಯುವುದು ಕೋಶಪೊರೆಯಲ್ಲಿ ಸೋಡಿಯಂ ಒಳಬಿಡುವ ಕಿಂಡಿಗಳಿಂದ, ಅಂದರೆ ಸೋಡಿಯಂ ಚಾನೆಲ್‌ಗಳಿಂದ. ಅವು ಎಲ್ಲಿವೆ, ಎಷ್ಟಿವೆ ಎಂದು ಹೇಳಲು ಬೆಳ್ಳಿಗೆ ಆಗದು.

ಟೆಟ್ರೊಡೊಟಾಕ್ಸಿನ್ ಸೋಡಿಯಂ ಚಾನೆಲ್ಲಿನ ಬಾಯಿಗೆ ಬಿರಡೆಯಂತೆ ಕೂರುತ್ತದೆ. ಪಕ್ಕದ ಪೊಟ್ಯಾಸಿಯಂ ಚಾನೆಲ್ಲನ್ನು ಮುಟ್ಟುವುದಿಲ್ಲ. ಒಂದು ಚಾನೆಲ್ಲಿಗೆ ಒಂದೇ ಅಣು. ಹಾಗಾದರೆ ಅಂಟಿದ ಅಣುಗಳನ್ನು ಎಣಿಸಿದರೆ ಚಾನೆಲ್‌ಗಳನ್ನೇ ಎಣಿಸಿದಂತೆ! 1967ರಲ್ಲಿ ವಿಜ್ಞಾನಿಗಳಾದ ಮೂರ್, ನರಹಾಶಿ, ಶಾ ಈ ದಾರಿ ಹಿಡಿದು, ಲಾಬ್‌ಸ್ಟರ್ ನರದಲ್ಲಿ ಚದರ ಮೈಕ್ರಾನಿಗೆ ಹೆಚ್ಚೆಂದರೆ 13 ಚಾನೆಲ್ ಎಂದರು.

ಮುಂದೆ ವಿಷಕ್ಕೇ ವಿಕಿರಣದ ಗುರುತು ಕಟ್ಟಿದರು. ಕಡಲಿನ ಸೂಕ್ಷ್ಮಪಾಚಿಗಳಲ್ಲಿ ಸಿಗುವ, ಇದೇ ಚಾನೆಲ್ಲನ್ನು ಮುಚ್ಚುವ ಸ್ಯಾಕ್ಸಿಟಾಕ್ಸಿನ್ನಿಗೆ ಟ್ರಿಟಿಯಂ ಸೇರಿಸಿ, ಅದರಲ್ಲಿ ನರದ ತುಂಡನ್ನು ನೆನೆಸಿ, ತೊಳೆದು, ಉಳಿದ ವಿಕಿರಣವನ್ನು ಅಳೆಯುವುದು. ಸಿಕ್ಕಸಿಕ್ಕಲ್ಲಿ ಅಂಟಿದ್ದರ ಲೆಕ್ಕಕ್ಕೆ ಇನ್ನೊಂದು ತುಂಡು ಬೇಕು. ಅದಕ್ಕೆ ಗುರುತಿಲ್ಲದ ವಿಷವನ್ನು ಧಾರಾಳವಾಗಿ ಕೊಟ್ಟರೆ ಚಾನೆಲ್‌ಗಳೆಲ್ಲ ಭರ್ತಿಯಾಗುತ್ತವೆ. ಆಮೇಲೂ ಅಂಟುವ ಗುರುತು ಬರೀ ಕಳೆ, ಅದನ್ನು ಕಳೆದುಬಿಡಬೇಕು. ಇಷ್ಟು ಸರಳ, ಇಷ್ಟು ಪ್ರಾಮಾಣಿಕ ಪ್ರಯೋಗಗಳು ನನಗೆ ಬಹಳ ಇಷ್ಟ.

1977ರಲ್ಲಿ ರಿಚಿ ಮತ್ತು ರೋಗಾರ್ಟ್ ಮೊಲದ ನರದಲ್ಲಿ ಹೀಗೆ ಎಣಿಸಿದರು. ಕೊಬ್ಬಿನ ಹೊದಿಕೆಯುಳ್ಳ ನರತಂತುವಿನಲ್ಲಿ ಅಲ್ಲಲ್ಲಿ ಹೊದಿಕೆ ತಪ್ಪಿದ ಗೆಣ್ಣುಗಳಿರುತ್ತವೆ. ಅಲ್ಲಿ ಚದರ ಮೈಕ್ರಾನಿಗೆ ಸುಮಾರು 12,000 ಚಾನೆಲ್, ಹೊದಿಕೆಯ ಕೆಳಗೆ 25ಕ್ಕಿಂತ ಕಡಿಮೆ! ನಂತರದ ಅಳತೆಗಳು ಮೊದಲ ಸಂಖ್ಯೆಯನ್ನು ಬಹಳ ಇಳಿಸಿವೆ. ಗೆಣ್ಣಿನಲ್ಲಿ ದಟ್ಟಣೆ, ನಡುವೆ ವಿರಳ ಎಂಬ ಮಾತು ಮಾತ್ರ ಗಟ್ಟಿಯಾಗಿ ನಿಂತಿದೆ. ಸಂಕೇತ ಗೆಣ್ಣಿನಿಂದ ಗೆಣ್ಣಿಗೆ ಜಿಗಿದು ಓಡುವುದು ಹೀಗಾಗಿ. ಇಂದು ಚಾನೆಲ್ಲಿಗೆ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ, ಅದೇ ಗೆಣ್ಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುತ್ತಾರೆ.

ನೆಲ್ಸನ್ನಿನ ಕಾಥ್ರಾನ್ ಸಂಸ್ಥೆಯವರು ಈಗ ಇಂಥ ವಿಷದ ಸೂಕ್ಷ್ಮಪಾಚಿಯನ್ನು ಬೆಳೆಸಿ, ಸ್ಯಾಕ್ಸಿಟಾಕ್ಸಿನ್ನಿನ ಬಂಧು ನಿಯೋಸ್ಯಾಕ್ಸಿಟಾಕ್ಸಿನ್ನನ್ನು ಶುದ್ಧವಾಗಿ ಬೇರ್ಪಡಿಸುತ್ತಾರೆ. ಹೆಚ್ಚು ಹೊತ್ತು ನಿಲ್ಲುವ ಸ್ಥಳೀಯ ಅರಿವಳಿಕೆ ಮಾಡುವುದು ಗುರಿ.

ಸ್ಯಾಕ್ಸಿಟಾಕ್ಸಿನ್ ವಿಷ ನಮ್ಮ ಕರಾವಳಿಗೆ ಹೊಸದಲ್ಲ. 1983ರಲ್ಲಿ ಕುಂಬಳೆಯ ಅಳಿವೆಯ ಮರುವಾಯಿ ಎಂಬ ಚಿಪ್ಪುಮೀನು ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಬೇಯಿಸಿದರೆ ಇದು ಹೋಗುವುದಿಲ್ಲ, ಇದಕ್ಕೆ ಪ್ರತಿವಿಷವೂ ಇಲ್ಲ. ಮರುವಾಯಿ ಉಂಡ ಮೇಲೆ ತುಟಿ, ಬೆರಳತುದಿ ಜುಮುಗುಟ್ಟಿದರೆ ಕಾಯುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಉಸಿರಾಟಕ್ಕೆ ಯಂತ್ರದ ಆಸರೆ ಕೊಟ್ಟು ಕಾಪಾಡಿದರೆ, ವಿಷ ದೇಹದಿಂದ ತಾನಾಗಿ ಹೊರಹೋಗುತ್ತದೆ.