ಕಿವಿ ಕೇಳದ ಮಕ್ಕಳ ದೂರು

ಉಡುಪಿ, ಕಾಪು, ಕಾರ್ಕಳದ ಕಡೆ ಧಾರ್ಮಿಕ ಸಂಸ್ಥೆಗಳು ನಡೆಸುವ ಶಾಲೆಗಳಿಗೆ ಕೊರತೆಯಿಲ್ಲ. ಮಕ್ಕಳನ್ನು ಅಲ್ಲಿ ಬಿಟ್ಟುಬರುವುದು ನಂಬಿಕೆಯಿಂದ. ಆ ನಂಬಿಕೆಯೇ ಮಗುವಿನ ದೂರಿಗೆ ಅಡ್ಡ ಬಂದರೆ ಏನಾಗುತ್ತದೆ? ಅಲೆಕ್ಸ್ ಗಿಬ್ನಿ 2012ರಲ್ಲಿ ತೆಗೆದ ‘ಮಿಯಾ ಮ್ಯಾಕ್ಸಿಮಾ ಕಲ್ಪಾ’ ಎಂಬ ಸಾಕ್ಷ್ಯಚಿತ್ರ ಅದನ್ನು ತೋರಿಸುತ್ತದೆ. ಲ್ಯಾಟಿನ್ ಪೂಜಾವಿಧಿಯಲ್ಲಿ ಬರುವ ಈ ಮಾತಿಗೆ ‘ನನ್ನದೇ ಮಹಾಪರಾಧ’ ಎಂದರ್ಥ.

ಅಮೆರಿಕದ ಮಿಲ್ವಾಕೀ ನಗರದ ಬಳಿ ಕಿವಿ ಕೇಳದ ಮಕ್ಕಳಿಗಾಗಿ ಸೇಂಟ್ ಜಾನ್ಸ್ ಎಂಬ ವಸತಿ ಶಾಲೆಯಿತ್ತು. ಲಾರೆನ್ಸ್ ಮರ್ಫಿ ಎಂಬ ಪಾದ್ರಿ 1950ರಿಂದ 1974ರವರೆಗೆ ಅಲ್ಲಿದ್ದರು. ಸಂಜ್ಞಾಭಾಷೆಯಲ್ಲಿ ಪಳಗಿದವರು, ಜನಪ್ರಿಯರು. ಅವರ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹುಡುಗರು ಸುಮಾರು 200 ಇರಬಹುದೆಂದು ಅಂದಾಜು. ಎಷ್ಟೋ ಹೆತ್ತವರಿಗೆ ಸಂಜ್ಞಾಭಾಷೆ ಬಾರದು; ರಜೆಯಲ್ಲಿ ಮನೆಗೆ ಹೋದ ಹುಡುಗ ಹೇಳಿಕೊಳ್ಳುವುದಾದರೂ ಯಾರಲ್ಲಿ?

ದೊಡ್ಡವರಾದ ಮೇಲೆ ಅವರು ಸುಮ್ಮನಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಇಗರ್ಜಿಯ ಹೊರಗೆ ನಿಂತು ಪಾದ್ರಿಯ ಚಿತ್ರವಿದ್ದ ಕರಪತ್ರ ಹಂಚಿದರು, ಪೊಲೀಸರಿಗೂ ತಿಳಿಸಿದರು. ಆದದ್ದು ಇಷ್ಟೆ: 1974ರಲ್ಲಿ ಮರ್ಫಿಯನ್ನು ಸದ್ದಿಲ್ಲದೆ ಅದೇ ರಾಜ್ಯದ ಉತ್ತರ ಭಾಗಕ್ಕೆ ಕಳುಹಿಸಲಾಯಿತು. ಅಲ್ಲಿಯೂ ಮಕ್ಕಳಿದ್ದರು! 1996ರಲ್ಲಿ ಮಿಲ್ವಾಕೀಯ ಆರ್ಚ್‌ಬಿಷಪ್ ವ್ಯಾಟಿಕನ್ನಿನ ಕಾರ್ಡಿನಲ್ ರಾಟ್ಸಿಂಗರ್ ಅವರಿಗೆ ಬರೆದ ಪತ್ರಗಳಿಗೆ ಅವರಿಂದ ಉತ್ತರ ಬರಲಿಲ್ಲ. ಮುಂದೆ ಆರಂಭವಾದ ಗುಪ್ತ ವಿಚಾರಣೆಯೂ ‘ನನಗೆ ಆರೋಗ್ಯವಿಲ್ಲ’ ಎಂದು ಮರ್ಫಿ ಬರೆದುಕೊಂಡ ಮೇಲೆ ನಿಂತಿತು. 1998ರಲ್ಲಿ ಅವರು ಪಾದ್ರಿಯಾಗಿಯೇ ತೀರಿಕೊಂಡರು. ರಾಟ್ಸಿಂಗರ್ 2005ರಲ್ಲಿ ಪೋಪ್ ಆದರು. ಚಿತ್ರದಲ್ಲಿ ನಾಲ್ವರು ಹಳೆಯ ವಿದ್ಯಾರ್ಥಿಗಳು ಕೈಸಂಜ್ಞೆಯಲ್ಲಿ ಇದನ್ನೆಲ್ಲ ಹೇಳುತ್ತಾರೆ; ನಟರು ಧ್ವನಿ ಕೊಟ್ಟಿದ್ದಾರೆ.

ಇದು ಒಂದು ಧರ್ಮದ ದೋಷವೆಂದು ಇತರರು ನಿರಾಳವಾಗಬೇಕಿಲ್ಲ. ಸಂಸ್ಥೆಯ ಮಾನ ಉಳಿಸಲು ಮಗುವಿನ ಬಾಯಿ ಮುಚ್ಚಿಸುವುದು ಎಲ್ಲಿಯೂ ನಡೆಯಬಹುದು. ದೂರು ಹೊರಗೆ ಬರಬೇಕಾದರೆ ಹೊರಗಿನವರ ಕಿವಿ ಬೇಕು. 2022ರಲ್ಲಿ ಚಿತ್ರದುರ್ಗದ ಮುರುಘಾ ಮಠದ ಹಾಸ್ಟೆಲಿನ ಬಾಲಕಿಯರ ದೂರು ದಾಖಲಾದದ್ದು ಮೈಸೂರಿನಲ್ಲಿ, ‘ಒಡನಾಡಿ’ ಸಂಸ್ಥೆಯ ನೆರವಿನಿಂದ. ಮಠಾಧೀಶರ ಬಂಧನವಾಯಿತು, ಆ ಮೊದಲ ಪ್ರಕರಣದಲ್ಲಿ 2025ರ ನವೆಂಬರಿನಲ್ಲಿ ಚಿತ್ರದುರ್ಗದ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಆರೋಪ ನಿಜವೋ ಸುಳ್ಳೋ ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ಸಂಸ್ಥೆಯ ಆಡಳಿತದ್ದಲ್ಲ.

ಗಿಬ್ನಿಯ ಚಿತ್ರ ಬಂದ ವರ್ಷವೇ ಭಾರತದಲ್ಲಿ ಪೋಕ್ಸೊ ಕಾಯಿದೆಯೂ ಬಂತು. ಅದರ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಸಜೆಯಾಗಬಹುದು. ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟವರು ಸಂಸ್ಥೆಯ ಮುಖ್ಯಸ್ಥರಾಗಿದ್ದರೆ 1 ವರ್ಷದವರೆಗೆ, ಜತೆಗೆ ದಂಡ.