ಆಟದ ರೈಲಿನ ಸಡಿಲ ಹಿಡಿ

ದಿಲ್ಲಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಅಮೆರಿಕದ ಲಯೊನೆಲ್ ಆಟದ ರೈಲು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ತಂದವರು ಮೊದಲು ಅದರ ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದುದನ್ನು ಓದಬೇಕು. ಅದು ಸಾಮಾನ್ಯವಾಗಿ 115 ವೋಲ್ಟಿನದು. ನಮ್ಮ ಗೋಡೆಯ ಪ್ಲಗ್ಗಿನದು 230. ನೇರವಾಗಿ ಸಿಕ್ಕಿಸಿದರೆ ಸುಟ್ಟೀತು. ನಡುವೆ ವೋಲ್ಟೇಜ್ ತಗ್ಗಿಸುವ ಪೆಟ್ಟಿಗೆ ಬೇಕು.

ಇನ್ನು ಹಿಡಿಯ ಮಾತು. ಅದನ್ನು ತಿರುಗಿಸಿದಂತೆ ಒಳಗಿನ ಪುಟ್ಟ ಉರುಳೆ ತಂತಿಯ ಸುರುಳಿಯ ಮೇಲೆ ಸರಿದು ರೈಲಿನ ವೇಗ ಏರಿಳಿಯುತ್ತದೆ. ಹಿಡಿ ಸಡಿಲವಾದರೆ ಅದು ಮಾತ್ರ ನಿಲುಗಡೆಯ ಗುರುತಿಗೆ ಬರುತ್ತದೆ. ಉರುಳೆ ಅರ್ಧದಲ್ಲೇ ಉಳಿದೀತು, ಹಳಿಯಲ್ಲಿ ವಿದ್ಯುತ್ತು ಹರಿಯುತ್ತಲೇ ಇದ್ದೀತು!

ಪ್ಲಗ್ ಕಿತ್ತ ಮೇಲೆಯೇ ಕೈಹಾಕಿ. ತಿರುಪನ್ನು ಸಡಿಲಿಸಿ, ಹಿಡಿ ಕೂತಿರುವ ದಂಡವನ್ನು ನಿಲುಗಡೆಯ ಕೊನೆಗೆ ತಿರುಗಿಸಿ, ಹಿಡಿಯನ್ನು ಗುರುತಿಗೆ ಸರಿಹೊಂದಿಸಿ ತಿರುಪು ಬಿಗಿಯಿರಿ. ಹಿಡಿಯ ತೂತೇ ಸವೆದಿದ್ದರೆ ಅಂಟನ್ನು ನಂಬಬೇಡಿ. ಬೇರೆ ಹಿಡಿಯೇ ಆಗಬೇಕು.